ಬಲಿಪೀಠದ ಬಟ್ಟೆಯ ಮೇಲಿನ ಕುರಿಮರಿ

ಹೋದ ತಿಂಗಳು ನನ್ನ ಹೊಲಿಗೆ ಅಂಗಡಿಗೆ ಒಂದು ಬಟ್ಟೆಗಂಟು ಬಂತು. ಎಚ್.ಡಿ. ಕೋಟೆಯ ಆಚೆ, ಎನ್. ಬೇಗೂರಿನ ದಾರಿಯಲ್ಲಿರುವ ಒಂದು ಸಣ್ಣ ಚರ್ಚಿನವರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದರು. ಗಂಟು ಬಿಚ್ಚಿದೆ. ಸಾಂಬ್ರಾಣಿ, ಮೇಣದಬತ್ತಿ, ನುಸಿಗುಳಿಗೆ ಮೂರೂ ಬೆರೆತ ವಾಸನೆ ಎದ್ದು ಬಂತು. ಒಳಗೆ ಏನಿದೆ ಎಂದು ಕಣ್ಣಿಗೆ ಕಾಣುವ ಮೊದಲೇ ನನಗೆ ಗೊತ್ತಾಯಿತು. ಅರ್ಧ ಬಿಚ್ಚಿದ್ದನ್ನು ಹಾಗೇ ಮುಚ್ಚಿಬಿಟ್ಟೆ.

“ಏನ್ ಚಿಕ್ಕಮ್ಮ, ಆವು ಕಂಡೋಳಂಗೆ ಮುಚ್ಬುಟ್ಟೆ?” ಎಂದಳು ಭಾಗ್ಯ, ಮಿಶಿನ್ನಿನಿಂದ ತಲೆಯೆತ್ತದೆ.

“ಧೂಳು ಕಣವ್ವ, ಮೂಗ್ಗೆ ಓಯ್ತು,” ಎಂದೆ.

ನನ್ನ ಬಾಯಿಯ ವಿಚಾರ ಹುಣಸೂರಿನಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ. ಬ್ಲೌಸು ಬಿಗಿಯಾಯಿತು ಎಂದು ಜಗಳಕ್ಕೆ ಬಂದವರಿಗೆ, “ಬ್ಲೌಸು ಓದ್ತಿಂಗ್ಳು ಎಂಗಿತ್ತೋ ಅಂಗೇ ಅದೆ ಕಣ್ರವ್ವ, ನೀವೇ ಬದಲಾಗಿರೋದು,” ಎಂದು ಇರುವ ಗಿರಾಕಿಗಳನ್ನೂ ಓಡಿಸುವವಳು ನಾನು. ಅಳತೆ ತೆಗೆಯುವಾಗ ಆರಂಭವಾದ ಮಾತು ಗುಂಡಿ ಹಾಕಿ ಕೊಡುವವರೆಗೂ ನಿಲ್ಲುವುದಿಲ್ಲ. ಇಷ್ಟು ಬಾಯಿ ಇರುವವಳು ಒಂದು ಮಾತನ್ನು ಮಾತ್ರ ಮೂವತ್ತು ವರ್ಷಕ್ಕೂ ಮೇಲೆ ಒಳಗೇ ಇಟ್ಟುಕೊಂಡಿದ್ದೆ.

ಭಾಗ್ಯ ನನ್ನ ಅಕ್ಕನ ಮಗಳು. ಮೂರು ವರ್ಷದ ಮಗುವಾಗಿದ್ದಾಗ ತಾಯಿಯನ್ನು ಕಳೆದುಕೊಂಡಳು. ಅಲ್ಲಿಂದ ನಾನೇ ಸಾಕಿದೆ, ಓದಿಸಿದೆ, ಸೂಜಿ ಹಿಡಿಯಲು ಕಲಿಸಿದೆ, ಮದುವೆ ಮಾಡಿದೆ. ಈಗ ಎರಡು ಬೀದಿ ಆಚೆ ಗಂಡನ ಜೊತೆ ಇದ್ದಾಳೆ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವವಳು ಅವಳೇ. ನನಗೆ ಬೇರೆ ಯಾರೂ ಇಲ್ಲ. ಅವಳ ತಾಯಿಯ ಜೀವ ತೆಗೆದ ಮನೆಯವರು ಮೊದಲು ಕೇಳಿಕೊಂಡು ಬಂದದ್ದು ನನ್ನನ್ನು. ಅದು ಭಾಗ್ಯನಿಗೆ ಗೊತ್ತಿರಲಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅದನ್ನು ನಿಮಗೆ ಬರುಬರುತ್ತ ಹೇಳುತ್ತೇನೆ, ಈಗಲೇ ಹೇಳಿದರೆ ನೀವು ಎದ್ದು ಹೋಗಬಹುದು.

ಗಂಟಿನಲ್ಲಿದ್ದದ್ದು ಚರ್ಚಿನ ಬಲಿಪೀಠದ ಮೇಲೆ ಹಾಸುವ ಬಟ್ಟೆ. ಎದುರಿಗೆ ಇಳಿಬೀಳುವ ಭಾಗದ ನಡುವೆ ಒಂದು ಕುರಿಮರಿಯ ಕಸೂತಿ. ಅಂಚು ಹರಿದಿದೆ, ಅಲ್ಲಲ್ಲಿ ದಾರ ಎದ್ದಿದೆ, ಪಾಸ್ಕಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮೊದಲು ಸರಿಮಾಡಿ ಕೊಡಿ ಎಂದು ಫಾದರ್ ಚೀಟಿ ಬರೆದಿದ್ದರು. ಅದನ್ನು ಹೊಲಿದವಳು ನಾನೇ ಎಂಬುದು ಅವರಿಗೆ ತಿಳಿದಿರಲಾರದು. ಹೊಲಿದಾಗ ನನಗೆ ಹತ್ತೊಂಬತ್ತು ವರ್ಷ.

ಆಗ ಹುಣಸೂರಿನಲ್ಲಿ ಕನ್ಯಾಸ್ತ್ರೀಯರು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದರು. ನಮ್ಮೂರು ಪಿರಿಯಾಪಟ್ಟಣದ ದಾರಿಯಲ್ಲಿ, ಹೊಗೆಸೊಪ್ಪಿನ ಹೊಲಗಳ ನಡುವಿನ ಹಳ್ಳಿ. ಅಲ್ಲಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಕಲಿಸುತ್ತಿದ್ದವರು ಸಿಸ್ಟರ್ ಅನ್ನಮ್ಮ, ಕೇರಳದವರು. ಸಣಕಲು ದೇಹ, ದಪ್ಪ ಕನ್ನಡಕ. ಎಲ್ಲರನ್ನೂ ಮಗಳೇ ಎನ್ನುವ ಅರ್ಥದಲ್ಲಿ ‘ಮೋಳೇ’ ಎಂದು ಕರೆಯುತ್ತಿದ್ದರು. ಹೊಲಿಗೆ ಒಂದು ನೂಲು ಆಚೆ ಹೋದರೂ ಆ ಮೋಳೇ ಎನ್ನುವ ಪದವೇ ಬೈಗುಳವಾಗುತ್ತಿತ್ತು. ನನ್ನ ಕೈ ಚೆನ್ನಾಗಿದೆ ಎಂದು ಅವರಿಗೆ ಅನಿಸಿತು. ಕಾಡಂಚಿನ ಆ ಚರ್ಚಿಗೆ ಹೊಸ ಬಟ್ಟೆ ಬೇಕಾದಾಗ ನಡುವಿನ ಕುರಿಮರಿಯ ಕೆಲಸವನ್ನು ನನಗೆ ಕೊಟ್ಟರು. ಹಿಂದೂ ಹುಡುಗಿಗೆ ಯಾಕೆ ಎಂದು ಒಬ್ಬರು ಕೇಳಿದ್ದಕ್ಕೆ, “ಕುರಿ ಸಾಕುವವರ ಮಗಳು ಇವಳು. ಕುರಿ ಯಾವ ಜಾತಿ?” ಎಂದರಂತೆ.

ನೋಡಿ ಹೊಲಿಯಲು ಒಂದು ಚಿತ್ರ ಕೊಟ್ಟರು. ನಮ್ಮ ಕಡೆಯ ಕುರಿಯನ್ನು ನೀವು ಕಂಡಿದ್ದೀರಲ್ಲ, ಗಿಡ್ಡ ಕಾಲು, ದುಂಡು ಮೈ, ಜೋಲು ಕಿವಿ. ಚಿತ್ರದ್ದು ಯಾವುದೋ ಚಳಿದೇಶದ ಮರಿ, ಮೈತುಂಬ ಗುಂಗುರು. ತಲೆಯ ಹಿಂದೆ ಪ್ರಭೆಯ ಚಕ್ರ. ಮುಂಗಾಲಿಗೆ ಒರಗಿಸಿದ ಒಂದು ಕೋಲು, ಅದರ ತುದಿಯಲ್ಲಿ ಕೆಂಪು ಶಿಲುಬೆಯ ಬಿಳಿ ಬಾವುಟ. ಕಾಲ ಕೆಳಗೆ ಏಳು ಮುದ್ರೆ ಒತ್ತಿದ ಪುಸ್ತಕ. ಎದೆಯಲ್ಲಿ ಗಾಯ, ಗಾಯದಿಂದ ಹೊರಟ ರಕ್ತ ಒಂದು ಬಟ್ಟಲಿಗೆ ಸುರಿಯುತ್ತಿದೆ. ಇಷ್ಟಾದರೂ ಮರಿ ಎದ್ದು ನಿಂತಿದೆ, ನಮ್ಮ ಕಡೆ ನೋಡುತ್ತಿದೆ. ಹತ್ತಾರು ಮರಿ ಕುಯ್ದದ್ದನ್ನು ಕಂಡವಳು ನಾನು. ಎದೆ ಬಗೆದ ಮೇಲೆ ನಿಂತ ಮರಿಯನ್ನು ಕಂಡಿರಲಿಲ್ಲ.

ಮೊದಲ ಸಲ ಕಾಗದದ ಮೇಲೆ ಬರೆದದ್ದು ಹಂದಿಯಂತಿತ್ತು. ಎರಡನೆಯದು ನಾಯಿಯಂತೆ ಆಯಿತು, ಅದೂ ಬಾವುಟ ಕದ್ದುಕೊಂಡು ಹೋಗುತ್ತಿರುವ ನಾಯಿ. ಸಿಸ್ಟರ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಮೇಲೆ ನಾನು ಚಿತ್ರವನ್ನು ಬದಿಗಿಟ್ಟು ನಮ್ಮ ಹಟ್ಟಿಯ ಮರಿಯನ್ನೇ ನೆನಪಿಸಿಕೊಂಡು ಬರೆದೆ. ಅದು ಸರಿಯಾಯಿತು.

ಒಂದು ತಪ್ಪಾಯಿತು. ಎಡಗಿವಿಯ ತುದಿಯಲ್ಲಿ ಒಂದು ಸೀಳು ಹಾಕಿಬಿಟ್ಟೆ. ಕುರಿ ಸಾಕುವ ಮನೆಗಳಲ್ಲಿ ಮರಿಯ ಕಿವಿಯನ್ನು ಒಂದೊಂದು ರೀತಿ ಕತ್ತರಿಸಿ ಗುರುತು ಮಾಡುತ್ತಾರೆ, ಮಂದೆ ಬೆರೆತಾಗ ಯಾರದು ಯಾವುದು ಎಂದು ತಿಳಿಯಬೇಕಲ್ಲ. ನಮ್ಮ ಮನೆಯ ಗುರುತು ಎಡಗಿವಿಯ ಸೀಳು. ನನ್ನ ಕೈ ತಾನಾಗಿಯೇ ಅದನ್ನು ಬರೆದಿತ್ತು. ನನಗೆ ಅದು ತಪ್ಪು ಎಂದೇ ಹೊಳೆಯಲಿಲ್ಲ.

“ಇದೆಂತ ಮೋಳೇ, ಕಿವಿ ಹರಿದಿದೆ? ಈ ಕುರಿಮರಿಗೆ ಒಂದು ಊನವೂ ಇರಕೂಡದು. ಕಳಂಕವಿಲ್ಲದ್ದು ಅಂತಲೇ ಇದರ ಹೆಸರು,” ಎಂದರು ಸಿಸ್ಟರ್.

“ಗುರ್ತಿಲ್ದಿರೋ ಮರಿ ಕದ್ದ ಮರಿ ಅಂತಾರೆ ಸಿಸ್ಟರ್. ಯಾರ್ದೂ ಅಲ್ದಿರೋದ್ನ ದೇವ್ರಿಗೆ ಕೊಡಾಕಾಯ್ತದಾ?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಇರಲಿ. ಇದಕ್ಕೂ ಒಬ್ಬ ತಂದೆ ಇದ್ದ,” ಎಂದರು. ಸೀಳು ಹಾಗೆಯೇ ಉಳಿಯಿತು.

ಕುರಿಮರಿಯ ಕಥೆಯನ್ನು ಅವರು ನನಗೆ ಒಂದೇ ದಿನ ಹೇಳಲಿಲ್ಲ. ದಾರ ಪೋಣಿಸುತ್ತ, ಎಳೆ ಬಿಡಿಸುತ್ತ, ಸ್ವಲ್ಪಸ್ವಲ್ಪವೇ ಹೇಳಿದರು. ಅವರ ಪೂಜೆಗೆ ಬಲಿಪೂಜೆ ಎಂದೇ ಹೆಸರು. ಆದರೆ ಅಲ್ಲಿ ಯಾವ ಪ್ರಾಣಿಯನ್ನೂ ಕುಯ್ಯುವುದಿಲ್ಲ. ರೊಟ್ಟಿ ಮುರಿಯುವ ಹೊತ್ತಿಗೆ ಲೋಕದ ಪಾಪ ಹೊತ್ತ ಕುರಿಮರಿಯನ್ನು ಕರೆದು ಕರುಣೆ ಬೇಡುತ್ತಾರೆ. ಆ ಕುರಿಮರಿ ಎಂದರೆ ಯೇಸು. ಪಾಸ್ಕಕ್ಕೆ ಮೊದಲಿನ ಗುರುವಾರ ಅವರ ತವರಿನಲ್ಲಿ ಹುಳಿ ಬರಿಸದ ಹಿಟ್ಟಿನಿಂದ ಅಪ್ಪಂ ಎಂಬ ರೊಟ್ಟಿ ಮಾಡಿ, ಮೇಲೆ ತೆಂಗಿನ ಗರಿಯ ಶಿಲುಬೆ ಇಟ್ಟು, ಮನೆಯ ಹಿರಿಯ ಮುರಿದು ಎಲ್ಲರಿಗೂ ಹಂಚುತ್ತಾನಂತೆ. ಆ ಊಟದ ಮೂಲ ಬಹಳ ಹಿಂದಿನದು. ಎಲ್ಲೋ ದೂರದ ದೇಶದಲ್ಲಿ ಜೀತಕ್ಕಿದ್ದ ಜನ ಒಂದು ರಾತ್ರಿ ಮರಿ ಕುಯ್ದು ಅದರ ರಕ್ತವನ್ನು ಬಾಗಿಲ ಚೌಕಟ್ಟಿಗೆ ಬಳಿದರಂತೆ. ರಕ್ತ ಕಂಡ ಸಾವು ಆ ಮನೆಯನ್ನು ದಾಟಿ ಹೋಯಿತಂತೆ.

“ದಾಟಿ ಎಲ್ಲಿಗೋಯ್ತು ಸಿಸ್ಟರ್?” ಎಂದು ಕೇಳಿದೆ.

“ಬೇರೆ ಮನೆಗೆ,” ಎಂದರು.

ಅವರ ಕಥೆಗೆ ಬದಲಾಗಿ ನಾನು ನಮ್ಮ ಕಥೆ ಹೇಳಿದೆ. ಅಪ್ಪನಿಗೆ ಐವತ್ತು ಅರವತ್ತು ಕುರಿಗಳಿದ್ದವು. ಮಾರಿಹಬ್ಬ ಹತ್ತಿರ ಬಂದರೆ ಸುತ್ತಿನವರು ಮರಿ ಹಿಡಿದುಕೊಂಡು ಹೋಗಲು ಬರುತ್ತಿದ್ದರು. ಗುಡಿಯ ಮುಂದೆ ಮರಿಯನ್ನು ನಿಲ್ಲಿಸಿ ಬೆನ್ನ ಮೇಲೆ ಅರಿಸಿನದ ನೀರು ಹಾಕುತ್ತಾರೆ. ಮರಿ ಮೈ ಕೊಡವಬೇಕು. ಕೊಡವಿದರೆ ಅಮ್ಮನೂ ಒಪ್ಪಿದಳು, ಮರಿಯೂ ಒಪ್ಪಿತು. ಕೊಡವದಿದ್ದರೆ ಕಾಯಬೇಕು. ಕೆಲವು ಮರಿಗಳು ಎಷ್ಟು ನೀರು ಹಾಕಿದರೂ ಕಲ್ಲಿನಂತೆ ನಿಲ್ಲುತ್ತವೆ. ಜನರಿಗೆ ಹಸಿವು, ಒಲೆಯ ಮೇಲೆ ಎಸರು ಕಾದಿರುತ್ತದೆ. ಆಗ ಅಪ್ಪನನ್ನು ಕರೆಯುತ್ತಿದ್ದರು. ಅಪ್ಪ ಮರಿಯ ಹತ್ತಿರ ಬಗ್ಗಿ ಬಾಯಲ್ಲಿ ಏನೋ ಮಣಮಣ ಎನ್ನುತ್ತ, ಬೆರಳು ಅದ್ದಿ ಅದರ ಕಿವಿಯೊಳಕ್ಕೆ ಒಂದು ತೊಟ್ಟು ನೀರು ಬಿಡುತ್ತಿದ್ದ. ಮರಿ ತಲೆಯಿಂದ ಬಾಲದವರೆಗೆ ಕೊಡವುತ್ತಿತ್ತು. “ಒಪ್ತು, ಒಪ್ತು!” ಎಂದು ಜನ ಕೂಗುತ್ತಿದ್ದರು.

ಚಿಕ್ಕವಳಿದ್ದಾಗ ಒಮ್ಮೆ ದಾರಿಯಲ್ಲಿ ಬರುತ್ತ ಕೇಳಿದ್ದೆ, “ಅಪ್ಪ, ಅದ್ಕೇನ್ ಮಂತ್ರ ಏಳ್ದೆ?”

“ಮಂತ್ರನೂ ಇಲ್ಲ ಗಿಂತ್ರನೂ ಇಲ್ಲ ಕಣವ್ವ. ಕಿವಿಗೆ ನೀರ್ ಬುಟ್ರೆ ಯಾವ್ ಮರಿ ಕೊಡವಾಕಿಲ್ಲ? ನಿಂಗ್ ಬುಟ್ರೂ ಕೊಡವ್ತೀಯ.”

ಇದನ್ನು ಕೇಳಿ ಸಿಸ್ಟರ್ ನಗುತ್ತಾರೆ ಎಂದುಕೊಂಡಿದ್ದೆ. ಅವರು ನಗಲಿಲ್ಲ. “ನಮ್ಮ ಕುರಿಮರಿಯ ಕಿವಿಗೆ ಯಾರೂ ನೀರು ಬಿಡಲಿಲ್ಲ ಮೋಳೇ. ಮುಂದೆ ಏನಾಗುತ್ತೆ ಅಂತ ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಬಂದ. ಅದಕ್ಕೇ ಅವನನ್ನು ಪೂಜೆ ಮಾಡುತ್ತೇವೆ,” ಎಂದರು. ಆಗ ನನಗೆ ಅದು ದೊಡ್ಡ ವಿಷಯ ಎಂದು ಅನಿಸಲಿಲ್ಲ. ನನ್ನ ಗಮನವೆಲ್ಲ ಮರಿಯ ಮೈಗುಂಗುರಿಗೆ ದಾರದ ಸಣ್ಣ ಗಂಟು ಹಾಕುವುದರಲ್ಲಿತ್ತು.

ಆ ಚಳಿಗಾಲದಲ್ಲೇ ಸಾಲಿಗ್ರಾಮದ ಕಡೆಯಿಂದ ಸಂಬಂಧ ಬಂತು. ಕಾವೇರಿ ನಾಲೆಯ ಗದ್ದೆ, ಹೆಂಚಿನ ಮನೆ, ಎರಡು ಜೊತೆ ಎತ್ತು. ಕುರಿ ಹಿಂದೆ ಅಲೆಯುವ ನಮ್ಮಂಥವರ ಬಾಗಿಲಿಗೆ ಅಂಥವರು ಬಂದದ್ದೇ ಅಪ್ಪನಿಗೆ ಹಿಗ್ಗು. ಹುಡುಗನಿಗೆ ಇದು ಎರಡನೆಯ ಮದುವೆ. ಮೊದಲನೆಯವಳು ಹೊಂದಿಕೆಯಾಗದೆ ಬಿಟ್ಟು ಹೋದಳು ಎಂದರು. ಕೆ.ಆರ್. ನಗರದಲ್ಲಿ ಯಾರದೋ ಮದುವೆಯಲ್ಲಿ ನನ್ನನ್ನು ನೋಡಿದ್ದರಂತೆ. ಅವರು ಕೇಳಿದ್ದು ಚಿಕ್ಕವಳನ್ನು. ದೊಡ್ಡವಳು, ನನ್ನ ಅಕ್ಕ ದೇವೀರಮ್ಮ, ನನಗಿಂತ ಎರಡು ವರ್ಷಕ್ಕೆ ಹಿರಿಯಳು. ಕಪ್ಪಗೆ, ಕುಳ್ಳಗೆ ಇದ್ದಳು. ಮಾತು ಕಡಿಮೆ. ಮನೆಯ ನೀರು, ಸಗಣಿ, ಮುದ್ದೆ ಎಲ್ಲ ಅವಳದೇ. ಅವಳು ಮಾಡುತ್ತಿದ್ದುದರಿಂದಲೇ ನಾನು ಹೊಲಿಗೆ ಕ್ಲಾಸಿಗೆ ಹೋಗಲು ಆಗುತ್ತಿದ್ದದ್ದು.

ಕ್ಲಾಸಿನಲ್ಲಿ ಸುನಂದ ಎಂಬುವಳಿದ್ದಳು. ಹುಣಸೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಕಲಿಯುತ್ತಿದ್ದಳು, ಊರು ಮಾತ್ರ ಆ ಹುಡುಗನ ಊರೇ. ಇಬ್ಬರ ಹಿತ್ತಿಲಿಗೂ ಒಂದೇ ಬೇಲಿ. ಊಟದ ಹೊತ್ತಿನಲ್ಲಿ ನಾನು ಜಂಬದಿಂದ ಸಂಬಂಧದ ವಿಷಯ ಹೇಳಿದೆ. ಅವಳು ಬುತ್ತಿಯ ಮುಚ್ಚಳ ಮುಚ್ಚಿದಳು.

“ಅವ್ಳೇನು ತಾನಾಗಿ ಬುಟ್ಟೋಗ್ಲಿಲ್ಲ ಕಣೇ. ದೊಣ್ಣೇಲಿ ಒಡ್ದು ಕೈ ಮುರ್ದಿದ್ದ. ಅವ್ರಣ್ಣದೀರು ಬಂದು ಗಾಡೀಲಿ ಮಲಗಿಸ್ಕಂಡು ಓದ್ರು. ನೀನು ಮದ್ವೆ ಇಲ್ದೆ ಇದ್ರೂ ಸೈ, ಆ ಮನೆಗ್ ಮಾತ್ರ ಓಗ್ಬೇಡ.”

ನಾನು ಹೇಳುತ್ತೇನೆ ಎಂದಿದ್ದ ಕೆಟ್ಟದ್ದು ಇದೇ. ನನಗೆ ಗೊತ್ತಿತ್ತು. ಅವತ್ತು ಸಂಜೆ ಮನೆಗೆ ಹೋಗಿ ಅಪ್ಪನಿಗೆ ಈ ಮಾತು ಹೇಳಿದ್ದರೆ ಸಾಕಿತ್ತು. ಅಪ್ಪ ಹಟಮಾರಿ, ಆದರೆ ಮಗಳನ್ನು ಹೊಡೆಯುವವನ ಕೈಗೆ ಕೊಡುವಷ್ಟು ಕಲ್ಲೆದೆಯವನಲ್ಲ. ಹೇಳಲಿಲ್ಲ. ಯಾಕೆ ಎಂದು ಕೇಳಿದರೆ ನಿಮಗೆ ನಗು ಬರಬಹುದು. ಕ್ಲಾಸಿಗೆ ಹೋಗಿ ಊರವರ ಮನೆಯ ಸುದ್ದಿ ಕೇಳಿಕೊಂಡು ಬರುತ್ತಾಳೆ ಎಂದು ಅಪ್ಪ ಕ್ಲಾಸು ಬಿಡಿಸಿಬಿಟ್ಟರೆ ಎಂಬ ಹೆದರಿಕೆ. ಕಸೂತಿಯ ರಿಂಗಿನಲ್ಲಿ ಅರ್ಧಕ್ಕೆ ನಿಂತಿದ್ದ ಕುರಿಮರಿ ಬೇರೆಯವಳ ಕೈಗೆ ಹೋಗುತ್ತದಲ್ಲ ಎಂಬ ಚಿಂತೆ. ಇಷ್ಟಕ್ಕೇ.

ಹಾಗೆಂದು ನಾನು ಹೋಗಲು ಸಿದ್ಧಳಿರಲಿಲ್ಲ. ಊಟಕ್ಕೆ ಕೂತಾಗ ತಲೆ ತಗ್ಗಿಸಿಕೊಂಡು, “ಅಕ್ಕ ಇರುವಾಗ ನಾ ಎಂಗೆ ಓಗ್ಲಪ್ಪ? ಜನ ಏನಂದಾರು?” ಎಂದೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ನನ್ ಕಿರಿಮಗ್ಳಿಗೆ ಎಷ್ಟು ಬುದ್ಧಿ ನೋಡು,” ಎಂದಳು. ಅಪ್ಪನಿಗೂ ಸರಿಕಂಡಿತು. ಹೇಳಿಕಳಿಸಿದರು. ನಾಲ್ಕು ದಿನ ಬಿಟ್ಟು ಆ ಕಡೆಯವರು ದೊಡ್ಡವಳಾದರೂ ಆಗಬಹುದು ಎಂದರು. ಎರಡನೆಯ ಸಂಬಂಧ, ಅವರಿಗೂ ಹೆಣ್ಣು ಸಿಗುವುದು ಸುಲಭವಿರಲಿಲ್ಲ.

ಅಪ್ಪ ಅಕ್ಕನನ್ನು ಕೇಳಿದ. “ಏನವ್ವ ದೇವೀ, ಆಗ್ಬೋದಾ?” ಅವಳು ಮೊರದಲ್ಲಿ ರಾಗಿ ಕೇರುತ್ತಿದ್ದಳು. ತಲೆ ಎತ್ತಲಿಲ್ಲ.

“ಸುಮ್ಕವ್ಳೆ. ಒಪ್ಪವ್ಳೆ ಬುಡು,” ಎಂದ ಅಪ್ಪ.

ಅಪ್ಪ ಹೊರಗೆ ಹೋದ ಮೇಲೆ ಅಕ್ಕ ಮೊರ ಕೆಳಗಿಟ್ಟು ನನ್ನನ್ನು ಕೇಳಿದಳು. “ನೀನ್ ಏನಂತೀಯೇ? ನಾಕ್ ಜನದ್ ಜೊತೆ ಬೆರೆಯೋಳು ನೀನು.”

“ಒಳ್ಳೆ ಮನೆ ಕಣಕ್ಕ. ನೀರಾವರಿ. ವರ್ಷವೆಲ್ಲ ಅನ್ನ ಉಣ್ತೀಯ.”

ಅವಳು ಸ್ವಲ್ಪ ನಕ್ಕಳು. ಅನ್ನವೆಂದರೆ ಅವಳಿಗೆ ಆಸೆ. ಅಪ್ಪ ಮರಿಯ ಕಿವಿಗೆ ಬಿಡುತ್ತಿದ್ದ ತೊಟ್ಟಿಗೂ ನನ್ನ ಈ ಮಾತಿಗೂ ಏನೂ ವ್ಯತ್ಯಾಸವಿಲ್ಲ ಎಂದು ಈಗ ಹೇಳುತ್ತಿದ್ದೇನೆ. ಆಗಲೂ ಒಳಗೆಲ್ಲೋ ಗೊತ್ತಿತ್ತು.

ಫಾಲ್ಗುಣದ ಮೊದಲಲ್ಲಿ, ಬೆಳಗಿನ ಜಾವದ ಮುಹೂರ್ತದಲ್ಲಿ ಮದುವೆ. ಚಳಿ ಇನ್ನೂ ಬಿಟ್ಟಿರಲಿಲ್ಲ. ಧಾರೆಯ ಹೊತ್ತಿಗೆ ಅಪ್ಪ, ಅವ್ವ ತಂಬಿಗೆ ಹಿಡಿದು ನೀರು ಬಿಟ್ಟರು. ಅದು ಅಕ್ಕನ ಬೊಗಸೆಯ ಮೇಲೆ ಬಿದ್ದು, ತೋಳಿಗೆ ಹರಿದು, ರವಿಕೆಯನ್ನು ನೆನೆಸಿತು. ಅಕ್ಕ ತಲೆಯಿಂದ ಕಾಲಿನವರೆಗೆ ಒಂದು ಸಲ ನಡುಗಿದಳು. ಪಕ್ಕದಲ್ಲಿದ್ದ ಒಬ್ಬ ಮುದುಕಿ, “ಮರಿ ಕೊಡವ್ದಂಗೆ ಕೊಡವ್ಬುಟ್ಲಲ್ಲವ್ವ! ಒಪ್ಪವ್ಳೆ, ಒಪ್ಪವ್ಳೆ,” ಎಂದಳು. ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಆ ನಗುವಿನ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಆಮೇಲಿನದನ್ನು ಎಳೆದು ಹೇಳುವುದಿಲ್ಲ. ಅಕ್ಕ ಎರಡು ಸಲ ಮಗುವನ್ನು ಎತ್ತಿಕೊಂಡು ತವರಿಗೆ ಬಂದಳು. ಎರಡು ಸಲವೂ ಅಪ್ಪ ಬುದ್ಧಿ ಹೇಳಿ ಕರೆದುಕೊಂಡು ಹೋಗಿ ಬಿಟ್ಟು ಬಂದ. ಅವಳು ಏನೂ ಹೇಳಲಿಲ್ಲ, ಹೇಳಿದ್ದರೆ ಇಟ್ಟುಕೊಳ್ಳುತ್ತಿದ್ದೆ ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದ. ನಾಲ್ಕನೆಯ ವರ್ಷದ ಮಳೆಗಾಲದಲ್ಲಿ ಜ್ವರದಿಂದ ಹೋದಳು ಎಂದು ಸುದ್ದಿ ಬಂತು. ಅದು ಜ್ವರವಲ್ಲ. ಮೈ ತೊಳೆಯುವಾಗ ಹೆಂಗಸರ ಜೊತೆ ನಾನಿದ್ದೆ. ಅಕ್ಕನ ಬೆನ್ನನ್ನು ನೋಡಿದೆ, ಪಕ್ಕೆಯನ್ನು ನೋಡಿದೆ. ಯಾರೂ ಬಾಯಿ ಬಿಡಲಿಲ್ಲ. ಅರಿಸಿನ ಹಚ್ಚಿ ಸೀರೆ ಉಡಿಸಿದೆವು.

ಭಾಗ್ಯನಿಗೆ ಇಷ್ಟು ಗೊತ್ತು. ದೊಡ್ಡವಳಾದ ಮೇಲೆ ನಾನೇ ಹೇಳಿದೆ. ಅವಳ ಅಪ್ಪನ ಪಾಪವನ್ನು ಹೇಳುವುದು ನನಗೇನೂ ಕಷ್ಟವಾಗಲಿಲ್ಲ. ನಾನು ಮದುವೆಯಾಗಲಿಲ್ಲ. ಅಕ್ಕನ ಮಗುವಿಗಾಗಿ ಜೀವನವನ್ನೇ ಸವೆಸಿದಳು ಎಂದು ಊರವರು ಹೊಗಳಿದರು. ಹೊಗಳಿಸಿಕೊಂಡೆ. ಸಿಸ್ಟರ್ ಅನ್ನಮ್ಮ ಬೇರೆ ಕಡೆಗೆ ಹೋದರು, ಅವರಿಗೂ ಹೇಳಲಿಲ್ಲ.

ಬಟ್ಟೆಗಂಟು ಬಂದ ಮೂರನೆಯ ದಿನ, ನಾನಿಲ್ಲದ ಹೊತ್ತಿನಲ್ಲಿ ಭಾಗ್ಯ ಅದನ್ನು ಬಿಚ್ಚಿ ಮೇಜಿನ ಮೇಲೆ ಹಾಸಿದ್ದಳು. ನಾನು ಬಂದಾಗ ಭೂತಗನ್ನಡಿ ಹಿಡಿದು ಮರಿಯ ಎದೆಯ ಕಡೆ ನೋಡುತ್ತಿದ್ದಳು. ಮಧ್ಯಾಹ್ನ, ಬೀದಿಯಲ್ಲಿ ಬಸ್ಸುಗಳ ಗದ್ದಲ.

“ಚಿಕ್ಕಮ್ಮ, ಇದು ನಿನ್ ಕೈ. ಆ ಗಂಟ್ ಆಕೋ ರೀತಿ ಬೇರೆ ಯಾರ್ಗೂ ಬರಾಕಿಲ್ಲ. ಆದ್ರೆ ಇಲ್ಲಿ ನೋಡು, ಈ ರಕ್ತದ್ ಗೆರೇಲಿ ನಾಕೈದು ಒಲಿಗೆ ನಿನ್ದಲ್ಲ. ಉದ್ದ ಗಿಡ್ಡ ಆಗವೆ. ಯಾರ್ದು?”

ಕೆಲಸ ಕಲಿಸಿದ್ದು ನಾನೇ, ಕಣ್ಣು ಕಲಿಸಿದ್ದೂ ನಾನೇ. ಯಾರೋ ಕ್ಲಾಸಿನ ಹುಡುಗಿ ಎಂದು ಹೇಳಿಬಿಡಬಹುದಿತ್ತು. “ನಿಮ್ಮವ್ವಂದು,” ಎಂದೆ.

ಭಾಗ್ಯನ ಹತ್ತಿರ ತಾಯಿಯದು ಎನ್ನುವ ವಸ್ತು ಒಂದೂ ಇಲ್ಲ. ಒಂದು ಫೋಟೊ ಕೂಡ ಇಲ್ಲ. ಅವಳು ಆ ಹೊಲಿಗೆಗಳ ಮೇಲೆ ಬೆರಳಿಟ್ಟು ಕೂತಳು. ಆಮೇಲೆ, “ಇದ್ನ ಒಲಿಯೋವಾಗ ಏನ್ ಮಾತಾಡ್ತಿದ್ಲು?” ಎಂದು ಕೇಳಿದಳು.

ಅವತ್ತು ಯುಗಾದಿ. ಮದುವೆಯಾಗಿ ತಿಂಗಳಿಗೆ ಅಕ್ಕ ಹಬ್ಬಕ್ಕೆ ಬಂದಿದ್ದಳು. ಬಟ್ಟೆಯನ್ನು ಮನೆಗೆ ತಂದಿದ್ದ ನಾನು ಜಗುಲಿಯ ಮೇಲೆ ರಿಂಗು ಹಿಡಿದು ಮರಿಯ ಎದೆಯ ರಕ್ತ ಹೊಲಿಯುತ್ತಿದ್ದೆ. ಬಂದು ಪಕ್ಕದಲ್ಲಿ ಕೂತಳು. ಕುಳಿತುಕೊಳ್ಳುವಾಗ ಗೋಡೆ ಹಿಡಿದುಕೊಂಡ ರೀತಿ ನನಗೆ ಕಂಡಿತು, ಕಾಣದವಳಂತೆ ಇದ್ದೆ.

“ಎದೆ ಕುಯ್ದವ್ರೆ, ನಿಂತದಲ್ಲೇ! ನೋಯಾಕಿಲ್ವಾ ಅದ್ಕೆ?” ಎಂದಳು. ಸೂಜಿ ಕೊಡು ಎಂದು ಈಸಿಕೊಂಡು ನಾಲ್ಕೈದು ಹೊಲಿಗೆ ಹಾಕಿದಳು. ಆಮೇಲೆ, “ಇದ್ನ ಯಾರಾರಾ ಕೇಳಿದ್ರಾ?” ಎಂದಳು.

ನಾನು ಸಿಸ್ಟರ್ ಹೇಳಿದ್ದನ್ನೇ ಹೇಳಿದೆ. ಮುಂದೆ ಏನಾಗುತ್ತದೆ ಎಂದು ಅದಕ್ಕೆ ಗೊತ್ತಿತ್ತಂತೆ, ಗೊತ್ತಿದ್ದೇ ಬಂತಂತೆ.

“ಗೊತ್ತಿದ್ದು ಬಂತಾ. ಅಂಗಾದ್ರೆ ಸರಿ,” ಎಂದಳು ಅಕ್ಕ. ಸೂಜಿಯನ್ನು ಬಟ್ಟೆಗೆ ಚುಚ್ಚಿ ನನ್ನ ಕಡೆ ನೋಡಿದಳು. “ಅವ್ನು ಇಂಥೋನು ಅಂತ ನಿಂಗೇನಾರಾ ಗೊತ್ತಿತ್ತಾ?”

“ಇಲ್ಲ ಕಣಕ್ಕ,” ಎಂದೆ. ಅವಳು ನಂಬಿದಳು. ನನ್ನ ತಲೆ ನೇವರಿಸಿ, ಒಳಗೆ ಹೋಗಿ ಒಬ್ಬಟ್ಟು ಬೇಯಿಸಿದಳು.

ಇದನ್ನೆಲ್ಲ ನಾನು ಭಾಗ್ಯನಿಗೆ ಹೇಳಿದೆ. ಸಂಬಂಧ ನನಗೆ ಬಂದದ್ದು, ಸುನಂದ ಹೇಳಿದ್ದು, ಅಪ್ಪನ ಮುಂದೆ ನಾನಾಡಿದ ಮಾತು, ಧಾರೆಯ ಹೊತ್ತಿನ ನಗು, ಯುಗಾದಿಯ ಸುಳ್ಳು, ಯಾವುದನ್ನೂ ಬಿಡಲಿಲ್ಲ. ಹೇಗೆ ಬಾಯಿ ಬಂತು ಎಂದು ನನಗೇ ತಿಳಿಯದು. ತಾಯಿಯ ನಾಲ್ಕು ಹೊಲಿಗೆಯ ಮೇಲೆ ಬೆರಳಿಟ್ಟುಕೊಂಡು ಕೂತವಳ ಎದುರಿಗೆ ಇನ್ನೊಂದು ಸುಳ್ಳು ಹೊರಡಲಿಲ್ಲ, ಅಷ್ಟೇ. ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು.

“ನಮ್ಮವ್ವಂಗೆ ಕೊನೇವರ್ಗೂ ಗೊತ್ತಾಗ್ಲೇ ಇಲ್ವಾ?”

“ಇಲ್ಲ.”

ಮಿಶಿನ್ನಿಗೆ ಮುಸುಕು ಹಾಕಿ, ಚಪ್ಪಲಿ ಮೆಟ್ಟಿಕೊಂಡು ಹೋದಳು. ಮರುದಿನ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ.

ಈಗ ಹನ್ನೊಂದು ದಿನವಾಯಿತು. ಅಂಗಡಿಯ ಬಾಗಿಲನ್ನು ನಾನೇ ತೆಗೆಯುತ್ತೇನೆ. ಬಟ್ಟೆಯ ಅಂಚು ಕಟ್ಟಿದೆ, ಎದ್ದ ದಾರಗಳನ್ನು ಕೂರಿಸಿದೆ, ಅಕ್ಕನ ಹೊಲಿಗೆಗಳನ್ನು ಮುಟ್ಟಲಿಲ್ಲ. ಗಿರಾಕಿಗಳು ಭಾಗ್ಯ ಎಲ್ಲಿ ಎಂದು ಕೇಳಿದರೆ ಬರುತ್ತಿಲ್ಲ ಎನ್ನುತ್ತೇನೆ. ಮೊದಲ ಎರಡು ದಿನ, ಹುಷಾರಿಲ್ಲ ಎಂದು ಹೇಳಲು ಬಾಯಿ ತೆರೆದು ಮುಚ್ಚಿಕೊಂಡೆ. ಅವಳ ಮನೆಗೆ ಹೋಗಿ ಬಾಗಿಲು ತಟ್ಟುವ ಧೈರ್ಯ ಬರಲಿಲ್ಲ. ಕ್ಷಮೆ ಕೇಳಬೇಕಾದದ್ದು ಅವಳನ್ನಲ್ಲ, ಯಾರನ್ನು ಕೇಳಬೇಕೋ ಅವಳು ಇಲ್ಲ.

ಇವತ್ತು ಬೆಳಿಗ್ಗೆ ಅವಳ ಗಂಡ ಮಹದೇವ ಬಂದ. ಟೆಂಪೋ ಓಡಿಸುವವನು, ಒಳ್ಳೆಯವನು. ಮದುವೆಗೆ ಮೊದಲು ಅವನ ಊರಿಗೆ ನಾನೇ ಮೂರು ಸಲ ಹೋಗಿ, ಅಕ್ಕಪಕ್ಕದ ಮನೆಯವರನ್ನೆಲ್ಲ ವಿಚಾರಿಸಿದ್ದೆ. ಭಾಗ್ಯನ ಕತ್ತರಿ, ಟೇಪು, ಕನ್ನಡಕ ತರಲು ಅವಳು ಕಳಿಸಿದ್ದಳು. ತೆಗೆದುಕೊಟ್ಟೆ. ಅವನು ಹೊರಡಲಿಲ್ಲ.

“ಏನಾಯ್ತತ್ತೆ? ಕೇಳಿದ್ರೆ ಬಾಯೇ ಬುಡಾಕಿಲ್ಲ. ಉಣ್ಣಾಕಿಲ್ಲ, ಮಲಗಾಕಿಲ್ಲ. ನಿಮ್ ಮೇಲೆ ಒಂದ್ ಮಾತೂ ಆಡ್ಲಿಲ್ಲ. ಮಿಶಿನ್ ತುಳ್ದು ಕಾಲ್ನೋವು ಅಂತಾಳೆ.”

ಅವಳು ಗಂಡನಿಗೂ ಹೇಳಿಲ್ಲ. ನನ್ನ ಮಾನ ಉಳಿಸಲು ಹೇಳಲಿಲ್ಲವೋ, ತಾಯಿಯ ಮಾತನ್ನು ಆಡಿ ಸವೆಸಬಾರದೆಂದು ಹೇಳಲಿಲ್ಲವೋ, ನಾನರಿಯೆ. ನಾನೂ ಹೌದು, ಕಾಲುನೋವೇ ಎಂದು ತಲೆಯಾಡಿಸಿದ್ದರೆ ಅವನು ನಂಬಿ ಹೋಗುತ್ತಿದ್ದ. ತಿಂಗಳು ಎರಡು ತಿಂಗಳಲ್ಲಿ ಅವಳೂ ಬಂದು ಮಿಶಿನ್ನಿನ ಮುಸುಕು ತೆಗೆಯುತ್ತಿದ್ದಳೇನೋ. ಆದರೆ ಅವಳು ಸುಮ್ಮನಿದ್ದಾಳೆ ಎಂದರೆ ಒಪ್ಪಿದ್ದಾಳೆ ಎಂದು ತಿಳಿದುಕೊಳ್ಳಲು ಈ ಸಲ ನನ್ನಿಂದ ಆಗಲಿಲ್ಲ. ಅವಳಿಗೆ ಹೇಳಿದ್ದನ್ನು ಅವಳೊಬ್ಬಳೇ ಹೊತ್ತುಕೊಂಡು ಕೂತಿದ್ದಾಳೆ. ಅದನ್ನು ಹೊರಿಸಿದವಳೂ ನಾನೇ.

ಸ್ಟೂಲು ಎಳೆದು ಅವನ ಮುಂದಿಟ್ಟೆ.

“ಕೂತ್ಕೊಳಪ್ಪ,” ಎಂದೆ. “ಆ ಸಂಬಂಧ ಬಂದಿದ್ದು ನಂಗೆ.”